ಪದಚರ್ಚೆ: ಸಾಫ್ಟ್‌ಬಾಲ್‌ನ ‘ಅಬ್‌ಸ್ಟ್ರಕ್ಷನ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರು ಜಿಲ್ಲೆಯ ದೈಹಿಕ ಶಿಕ್ಷಕರಿಗಾಗಿ ಸಾಫ್ಟ್‌ಬಾಲ್ ನಿಯಮಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಿಚರ್ (ಚೆಂಡೆಸೆಯುವವಳು), ಕ್ಯಾಚರ್ (ಬ್ಯಾಟ್ ಬೀಸುವವಳ ಹಿಂದೆ ನಿಂತು ಚೆಂಡು ಹಿಡಿಯುವವಳು), ಬೇಸ್ (ಓಡುವವಳು ಮುಟ್ಟಬೇಕಾದ ನೆಲೆ) ಹಾಗೆಯೇ ಇರಲಿ. ಅವಕ್ಕೂ ಕನ್ನಡ ಹುಡುಕುವ ಹಟ ನನಗಿಲ್ಲ. ಕೆಲಸ ನಿಂತಿರುವುದು ಅಬ್‌ಸ್ಟ್ರಕ್ಷನ್, ಇಂಟರ್‌ಫಿಯರೆನ್ಸ್ ಎಂಬ ಜೋಡಿಯ ಬಳಿ. ಮೈದಾನದಲ್ಲಿ ಎರಡಕ್ಕೂ ‘ಅಡ್ಡ ಬಂದಳು’ ಎಂಬ ಒಂದೇ ಕೂಗು.

ನಿಯಮದಲ್ಲಿ ಇವು ಎದುರುಬದುರು. ಚೆಂಡು ಕೈಯಲ್ಲಿಲ್ಲದ, ಹೊಡೆದ ಚೆಂಡನ್ನು ಹಿಡಿಯುವ ಯತ್ನದಲ್ಲೂ ಇಲ್ಲದ ಫೀಲ್ಡರ್, ಓಡುವವಳ ದಾರಿಯಲ್ಲಿ ನಿಂತು ಓಟ ಕೆಡಿಸಿದರೆ ಅಬ್‌ಸ್ಟ್ರಕ್ಷನ್. ಮೈಗೆ ಮೈ ತಗಲಬೇಕೆಂದಿಲ್ಲ. ಅವಳು ಸುತ್ತಿ ಓಡುವಂತಾದರೂ ಸಾಕು. ಅಂಪೈರ್ ಎಡಗೈ ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚುತ್ತಾರೆ, ಆಟ ನಿಲ್ಲಿಸುವುದಿಲ್ಲ. ಆ ಹಂತ ಮುಗಿದ ಮೇಲೆ, ಯಾರೂ ಅಡ್ಡ ನಿಲ್ಲದಿದ್ದರೆ ಅವಳು ಮುಟ್ಟುತ್ತಿದ್ದ ಬೇಸನ್ನು ಕೊಡಿಸುತ್ತಾರೆ. ಓಡುವವಳೇ ಫೀಲ್ಡರ್‌ಗೆ ತೊಡಕಾದರೆ ಇಂಟರ್‌ಫಿಯರೆನ್ಸ್. ಚೆಂಡು ಅಲ್ಲಿಗೇ ಡೆಡ್, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಸಾಮಾನ್ಯವಾಗಿ ಅವಳು ಔಟ್.

ಇದರ ಮೇಲೆ ಕ್ರಿಕೆಟ್‌ನ ಪ್ರಭಾವ ಬೇರೆ. 2006ರಲ್ಲಿ ಪೆಶಾವರದಲ್ಲಿ ಭಾರತದ ಎದುರು ಇಂಜಮಾಮ್ ಉಲ್ ಹಕ್ ಔಟಾದದ್ದು ಫೀಲ್ಡಿಂಗ್‌ಗೆ ಅಡ್ಡಿಪಡಿಸಿದ್ದಕ್ಕೆ. ಅಲ್ಲಿ ತಪ್ಪು ಬ್ಯಾಟ್ಸ್‌ಮನ್‌ನದು, ಅದೂ ಬೇಕೆಂದೇ ಮಾಡಿರಬೇಕು. ಹಾಗಾಗಿ ‘ಅಡ್ಡಿ’ ಎಂದೊಡನೆ ನಮ್ಮ ಮಕ್ಕಳ ಕಣ್ಣು ಓಡುವವಳ ಮೇಲೆಯೇ ಹೋಗುತ್ತದೆ.

‘ಅಡ್ಡಗಟ್ಟುವುದು’ ಎಂದು ಬರೆದು ನೋಡಿದೆ. ‘ಬೈಕ್ ಅಡ್ಡಗಟ್ಟಿ ದೋಚಿದರು’ ಎಂಬ ಅಪರಾಧ ಸುದ್ದಿಯ ನೆರಳು ಅದನ್ನು ಬಿಡುವುದಿಲ್ಲ. ಸಾಫ್ಟ್‌ಬಾಲ್‌ನಲ್ಲಿ ದುರುದ್ದೇಶದ ಪ್ರಶ್ನೆಯೇ ಇಲ್ಲ. ಎಸೆತಕ್ಕೆ ಕಾಯುತ್ತಾ ಮೈಮರೆತು ನಿಂತ ಎಂಟನೇ ತರಗತಿಯ ಹುಡುಗಿಯೂ ಸಿಕ್ಕಿಬೀಳುತ್ತಾಳೆ. ‘ಓಟತಡೆ’ ಎಂದರೆ ಶಾಲೆಗಳಲ್ಲಿ ಅಡೆತಡೆ ಓಟ ಎಂದುಕೊಳ್ಳುತ್ತಾರೆ. ಇಂಟರ್‌ಫಿಯರೆನ್ಸ್‌ಗೆ ‘ಹಸ್ತಕ್ಷೇಪ’ ಸೂಚಿಸಿದವರಿದ್ದಾರೆ. ಅದು ರಾಜಕಾರಣಿಗಳಿಗೇ ಇರಲಿ.

ಸದ್ಯಕ್ಕೆ ಕ್ರಿಕೆಟ್ ರೂಢಿಸಿದ ‘ಅಡ್ಡಿ’ಯನ್ನು ಇಂಟರ್‌ಫಿಯರೆನ್ಸ್‌ಗೆ ಬಿಟ್ಟುಕೊಟ್ಟು, ಅಬ್‌ಸ್ಟ್ರಕ್ಷನ್‌ಗೆ ‘ದಾರಿತಡೆ’ ಎಂದು ಬರೆದಿದ್ದೇನೆ. ದಾರಿ ಓಡುವವಳದೇ ಆದ್ದರಿಂದ ತಡೆದವರು ಯಾರೆಂಬುದು ಪದದಲ್ಲೇ ತಿಳಿಯುತ್ತದೆ. ಒಂದು ಕಡೆ ಮಾತ್ರ ಇದು ಕೈಕೊಡುತ್ತದೆ: ಬ್ಯಾಟ್ ಬೀಸುವಾಗ ಕ್ಯಾಚರ್‌ನ ಗ್ಲೌಸ್ ತಾಗಿದರೂ ಅಬ್‌ಸ್ಟ್ರಕ್ಷನ್ ಆಗುತ್ತದೆ. ನಿಂತಲ್ಲೇ ನಿಂತು ಬ್ಯಾಟ್ ಬೀಸುವವಳಿಗೆ ಯಾವ ದಾರಿ?

ಓಡುವವಳಿಗೂ ಬ್ಯಾಟ್ ಬೀಸುವವಳಿಗೂ ಹೊಂದುವ, ಉದ್ದೇಶದ ವಾಸನೆಯಿಲ್ಲದ ಪದ ನಿಮಗೆ ಹೊಳೆಯುತ್ತದೆಯೇ? ಶಿರಾ, ಪಾವಗಡ, ಮಧುಗಿರಿ ಕಡೆಯವರು, ಮುಟ್ಟಾಟದಲ್ಲಿ ಓಡುವವರಿಗೆ ಎದುರಾಗಿ ನಿಲ್ಲುವವರನ್ನು ಮಕ್ಕಳು ಏನೆಂದು ಬೈಯುತ್ತಾರೆ ಎಂಬುದನ್ನೂ ದಯವಿಟ್ಟು ತಿಳಿಸಿ.