ಸಮುದ್ರನೀರಿನ ಪಂಪಿಗೆ 70/30 ತಾಮ್ರ-ನಿಕ್ಕಲ್ ಎರಕ: ಸಂಯೋಜನೆಯ ಬಗ್ಗೆ ಮಾಹಿತಿ ಬೇಕು

ಉದ್ಯಮಬಾಗ್ ಎರಕ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದ್ದು, ಹೆಚ್ಚಾಗಿ ಗ್ರೇ ಐರನ್ (ಬೀಡು ಕಬ್ಬಿಣ) ಎರಕವನ್ನೂ ಬೇಡಿಕೆ ಬಂದಾಗ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಶ್‌ಗಳನ್ನೂ ಮಾಡಿಕೊಡುತ್ತೇವೆ. ಈಗ ಕರಾವಳಿಯ ಗ್ರಾಹಕರೊಬ್ಬರು ಸಮುದ್ರದ ನೀರೆತ್ತುವ ಪಂಪಿನ ಬಾಡಿಯನ್ನು ಎಎಸ್‌ಟಿಎಂ ಬಿ369 ಮಾನದಂಡದ (ತಾಮ್ರ-ನಿಕ್ಕಲ್ ಎರಕಗಳ ಅಮೆರಿಕನ್ ಮಾನದಂಡ) ಸಿ96400 ದರ್ಜೆಯಲ್ಲಿ ಕೇಳಿದ್ದಾರೆ. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ನಿಕ್ಕಲ್ ಎಂಬುದು ತಿಳಿದಿದೆ. ಆದರೆ ಡ್ರಾಯಿಂಗಿನಲ್ಲಿ ಕಬ್ಬಿಣ ಮತ್ತು ನಿಯೋಬಿಯಂ ಕೂಡ ಇವೆ. ಅವು ಏಕೆ ಬೇಕು? ಗನ್‌ಮೆಟಲ್ ಕರಗಿಸುವ ಮೂಸೆಯಲ್ಲಿಯೇ ಇದನ್ನೂ ಕರಗಿಸಬಹುದೇ?

ಲೋಹಶಾಸ್ತ್ರ ಬೋಧಕ, ಬಾಗಲಕೋಟೆ

ಈ ಮಿಶ್ರಲೋಹದ ಯೋಗ್ಯತೆಯನ್ನು ನಿರ್ಧರಿಸುವುದು ತಾಮ್ರ-ನಿಕ್ಕಲ್‌ಗಳ ದೊಡ್ಡ ಪಾಲಿಗಿಂತ ಹೆಚ್ಚಾಗಿ ಅದರೊಳಗಿನ ಸಣ್ಣ ಪಾಲುಗಳೇ ಎಂಬುದನ್ನು ಮೊದಲು ಗಮನಿಸಬೇಕು. ಸಿ96400ರಲ್ಲಿ ನಿಕ್ಕಲ್ 28ರಿಂದ 32%, ಕಬ್ಬಿಣ 0.25ರಿಂದ 1.5%, ನಿಯೋಬಿಯಂ 0.5ರಿಂದ 1.5% ಇರುತ್ತವೆ. ಮ್ಯಾಂಗನೀಸ್ 1.5%, ಸಿಲಿಕಾನ್ 0.5% ಮತ್ತು ಇಂಗಾಲ 0.15% ಮೀರಬಾರದು. ಉಳಿದದ್ದೆಲ್ಲ ತಾಮ್ರ.

ತಾಮ್ರ ಮತ್ತು ನಿಕ್ಕಲ್ ಘನಸ್ಥಿತಿಯಲ್ಲಿಯೂ ಒಂದರಲ್ಲೊಂದು ಪೂರ್ತಿಯಾಗಿ ಬೆರೆಯುವ ಲೋಹಗಳಾದ್ದರಿಂದ ಈ ದರ್ಜೆಯನ್ನು ಕಾಯಿಸಿ, ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ. ಎರಕದಲ್ಲಿ ಬಂದ ಬಲವೇ ಕೊನೆಯ ಬಲ. ಕನಿಷ್ಠ ಕರ್ಷಣ ಬಲ (ಎಳೆದಾಗ ತುಂಡಾಗದೆ ತಡೆಯುವ ಬಲ) 415 ಮೆಗಾಪಾಸ್ಕಲ್, ಯೀಲ್ಡ್ (ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟ) 220 ಮೆಗಾಪಾಸ್ಕಲ್, ತುಂಡಾಗುವ ಮೊದಲಿನ ಹಿಗ್ಗುವಿಕೆ 20% ಬರಲೇಬೇಕು.

ಸಮುದ್ರದ ನೀರಿನಲ್ಲಿ ಲೋಹದ ಮೇಲೆ ತೆಳುವಾದ ರಕ್ಷಣಾ ಪದರವೊಂದು ಬೆಳೆಯುತ್ತದೆ. ರಭಸದ ನೀರು ಆ ಪದರವನ್ನು ಕಿತ್ತುಹಾಕದಂತೆ ಹಿಡಿದಿಡಲು ಕಬ್ಬಿಣ ನೆರವಾಗುತ್ತದೆ. ಪಂಪಿನ ಬಾಡಿಗೆ ಇದಕ್ಕಿಂತ ಮುಖ್ಯವಾದ ಗುಣವಿಲ್ಲ. ಸಿಲಿಕಾನ್ ಇದ್ದರೆ ಕರಗಿದ ಲೋಹ ಅಚ್ಚಿನಲ್ಲಿ ಚೆನ್ನಾಗಿ ಹರಿಯುತ್ತದೆ, ಆದರೆ ವೆಲ್ಡಿಂಗ್ ಮಾಡುವಾಗ ಬಿರುಕು ಬಿಡುವ ಸ್ವಭಾವವೂ ಹೆಚ್ಚುತ್ತದೆ. ಆ ದೋಷವನ್ನು ತಡೆದು ಬಲವನ್ನೂ ಕೊಡುವುದು ನಿಯೋಬಿಯಂ.

ಹಳೆಯ ಮೇಸ್ತ್ರಿ, ಮಚ್ಛೆ

ಮೇಲಿನ ಸರ್ ಹೇಳಿದ್ದು ಸರಿಯಾಗಿದೆ. ಮೂಸೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ: ದಯವಿಟ್ಟು ಗನ್‌ಮೆಟಲ್ ಮೂಸೆಯನ್ನು ಬಳಸಬೇಡಿ. ಇಲ್ಲಿ ಸೀಸದ ಮಿತಿ ಕೇವಲ 0.01%. ನೂರಕ್ಕೆ ಐದು ಪಾಲು ಸೀಸವಿರುವ ಗನ್‌ಮೆಟಲ್ ಅರ್ಧ ಕಿಲೋದಷ್ಟು ಮೂಸೆಯ ಗೋಡೆಗೆ ಅಂಟಿಕೊಂಡು ಉಳಿದಿದೆ ಎಂದುಕೊಳ್ಳಿ. ಅದರಲ್ಲಿ 25 ಗ್ರಾಂ ಸೀಸ ಇರುತ್ತದೆ. ನೂರು ಕಿಲೋ ಚಾರ್ಜಿಗೆ (ಕರಗಿಸಲು ಹಾಕುವ ಲೋಹಕ್ಕೆ) ಅದು 0.025% ಆಯಿತು, ಅಂದರೆ ಮಿತಿಯ ಎರಡೂವರೆ ಪಟ್ಟು. ಎರಕ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಫ್ಲೇಂಜಿಗೆ ವೆಲ್ಡಿಂಗ್ ಹೊಡೆದ ಕೂಡಲೇ ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ.

ಗ್ರಾಫೈಟ್ ಮೂಸೆಯಲ್ಲಿ ಇನ್ನೊಂದು ತೊಂದರೆಯಿದೆ. ತಾಮ್ರ ಇಂಗಾಲವನ್ನು ಹೀರುವುದಿಲ್ಲವೆಂದೇ ಹೇಳಬಹುದು, ನಿಕ್ಕಲ್ ಮಾತ್ರ ಹೀರುತ್ತದೆ; ಹಾಗಾಗಿ ಮೂಸೆಯ ಇಂಗಾಲವೇ ಲೋಹಕ್ಕೆ ಸೇರಿ ಮಿತಿ ಮೀರಬಹುದು. ಜೊತೆಗೆ ನಿಕ್ಕಲ್ ಹೆಚ್ಚಿದಷ್ಟೂ ಕರಗಿದ ಲೋಹ ಹೈಡ್ರೋಜನ್ ಅನ್ನೂ ಹೆಚ್ಚು ಹಿಡಿದುಕೊಳ್ಳುತ್ತದೆ. ಆದ್ದರಿಂದ ಹೊಸ ಲೈನಿಂಗ್ (ಒಳಪದರ) ಹಾಕಿದ ಇಂಡಕ್ಷನ್ ಫರ್ನೇಸ್ (ವಿದ್ಯುತ್ ಕುಲುಮೆ), ಎಣ್ಣೆ-ತೇವಗಳಿಲ್ಲದ ಚಾರ್ಜ್ ಮತ್ತು ಕೆಂಪಗೆ ಕಾಯಿಸಿದ ಲ್ಯಾಡಲ್ (ಲೋಹ ಸುರಿಯುವ ಪಾತ್ರೆ) ಇರಲಿ. ಈ ಲೋಹ ಪೂರ್ತಿ ಕರಗುವುದೇ ಸುಮಾರು 1240 ಡಿಗ್ರಿಯಲ್ಲಿ. ಅದಕ್ಕಿಂತ ನೂರು ಡಿಗ್ರಿಗೂ ಹೆಚ್ಚು ಕಾವಿನಲ್ಲಿ ಸುರಿಯಬೇಕಾಗುತ್ತದೆ, ಆದರೆ ಆ ಕಾವಿನಲ್ಲಿ ಲೋಹವನ್ನು ಸುಮ್ಮನೆ ನಿಲ್ಲಿಸಿಕೊಂಡರೆ ಗ್ಯಾಸ್ ಸೇರುತ್ತಲೇ ಹೋಗುತ್ತದೆ.

ರೈಸರ್ (ಎರಕ ಕುಗ್ಗುವಾಗ ಕರಗಿದ ಲೋಹ ಪೂರೈಸುವ ಭಾಗ) ವಿಷಯದಲ್ಲಿಯೂ ಎಚ್ಚರ ಬೇಕು. ಗ್ರೇ ಐರನ್ ಗಟ್ಟಿಯಾಗುವಾಗ ಗ್ರಾಫೈಟ್ ಹಿಗ್ಗಿ ಕುಗ್ಗುವಿಕೆಯನ್ನು ಬಹುಪಾಲು ತುಂಬಿಕೊಡುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಕಬ್ಬಿಣದ ಎರಕಕ್ಕೆಂದು ಮಾಡಿದ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಇದ್ದರೂ ಅದನ್ನೇ ಬಳಸದೆ, ಕುಗ್ಗುವಿಕೆಯ ಅಳತೆಯನ್ನು ಬದಲಿಸಿ ಹೊಸದನ್ನು ಮಾಡಿಸಿ.

ಉದ್ಯಮಬಾಗ್ ಎರಕ, ಬೆಳಗಾವಿ

ಇಬ್ಬರಿಗೂ ಧನ್ಯವಾದಗಳು. ನಿಕ್ಕಲ್ ದರ ನೋಡಿದರೆ ಖರ್ಚು ಬಹಳವಾಗುತ್ತದೆ. 90/10 ದರ್ಜೆಯಲ್ಲಿ ಮಾಡಿಕೊಟ್ಟರೆ ನಡೆಯುತ್ತದೆಯೇ?

ಲೋಹಶಾಸ್ತ್ರ ಬೋಧಕ, ಬಾಗಲಕೋಟೆ

ಅದು ಸಿ96200 ಎಂಬ ಬೇರೆ ದರ್ಜೆ. ನಿಕ್ಕಲ್ 9ರಿಂದ 11%, ಕಬ್ಬಿಣ 1.0ರಿಂದ 1.8%. ಸುಮಾರು 1150 ಡಿಗ್ರಿಯಲ್ಲಿಯೇ ಪೂರ್ತಿ ಕರಗುವುದರಿಂದ ಎರಕ ಸುಲಭ; ಸಮುದ್ರದ ನೀರಿಗೂ ಒಳ್ಳೆಯ ಲೋಹವೇ. ಆದರೆ ಕನಿಷ್ಠ ಕರ್ಷಣ ಬಲ 310 ಮೆಗಾಪಾಸ್ಕಲ್ ಮಾತ್ರ, ಮತ್ತು ನೀರಿನ ವೇಗ ಹೆಚ್ಚಿದಲ್ಲಿ 70/30 ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬಾಡಿಯ ಗೋಡೆಯ ದಪ್ಪವನ್ನು 70/30ರ ಬಲಕ್ಕೆ ಲೆಕ್ಕ ಹಾಕಿದ್ದರೆ ಲೋಹವನ್ನಷ್ಟೇ ಬದಲಿಸುವುದು ಅಪಾಯ. ಗ್ರಾಹಕರ ವಿನ್ಯಾಸಕರೇ ಹೊಸ ಡ್ರಾಯಿಂಗ್ ಕೊಟ್ಟು ಲಿಖಿತವಾಗಿ ಒಪ್ಪಿದರೆ ಮಾತ್ರ ಮಾಡಿ. ಯಾವ ದರ್ಜೆಯಾದರೂ ಸುರಿಯುವ ಮೊದಲೇ ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋ ಪರೀಕ್ಷೆಗೆ (ಲೋಹದ ಸಂಯೋಜನೆ ಅಳೆಯುವ ಪರೀಕ್ಷೆ) ಹಾಕಿ, ಸೀಸ ಮತ್ತು ಇಂಗಾಲದ ಅಂಕಿಗಳನ್ನು ಮೊದಲು ನೋಡಿ.