ಜಂಬಿಟ್ಟಿಗೆ ಕೋರ್ ಪುಡಿಯಾಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಲ್ಯಾಬ್‌ನಲ್ಲಿ ಕಲ್ಲುಗಳ ಟೆಸ್ಟಿಂಗ್ ಮಾಡುತ್ತೇನೆ. ಗ್ರಾನೈಟ್ ಆದರೆ ತಲೆನೋವಿಲ್ಲ. ಈಗ ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ (ಲ್ಯಾಟರೈಟ್, ತೂತುತೂತಾದ ಕೆಂಪು ಕಲ್ಲು) ಬಂದಿದೆ, ಸತಾಯಿಸುತ್ತಿದೆ.

ಎಷ್ಟು ಒತ್ತಡ ತಡೆಯುತ್ತದೆ ಎಂದು ನೋಡಲು 54 ಮಿ.ಮೀ. ವ್ಯಾಸದ ಕೋರ್ (ಕಲ್ಲಿನಿಂದ ಕೊರೆದು ತೆಗೆಯುವ ಉರುಳೆ ತುಂಡು) ಕೊರೆಯುವಾಗ ನೀರು ಬಿಟ್ಟರೆ ತೂತುಗಳೊಳಗಿನ ಜೇಡಿ ತೊಳೆದುಹೋಗಿ ಅಂಚು ಉದುರುತ್ತದೆ. ನೀರು ನಿಲ್ಲಿಸಿದರೆ ಬಿಟ್ (ಕೊರೆಯುವ ಮೊನೆ) ಬಿಸಿಯಾಗುತ್ತದೆ. ಕೋರ್‌ನ ಉದ್ದ ವ್ಯಾಸದ ಎರಡು ಪಟ್ಟಾದರೂ ಬೇಕಲ್ವಾ? ಐದರಲ್ಲಿ ಒಂದೂ ಅಷ್ಟು ಸಿಕ್ಕಿಲ್ಲ. ಇಟ್ಟಿಗೆಯನ್ನೇ ಇಡಿಯಾಗಿ ಒತ್ತಿ, ಐಎಸ್ 3620 (ಜಂಬಿಟ್ಟಿಗೆಯ ಭಾರತೀಯ ಮಾನದಂಡ) ಹೇಳುವ 3.5 ಮೆಗಾಪಾಸ್ಕಲ್ ದಾಟಿತಾ ಎಂದು ನೋಡಬಹುದಿತ್ತು. ಆದರೆ ಕಳಿಸಿದವರಿಗೆ ಕೋರೇ ಬೇಕಂತೆ!

ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಹುದುಗಿಸಿ ಕೊರೆದವರು ಇದ್ದೀರಾ? ನೀರಿನ ಬದಲು ಗಾಳಿ ಬಿಟ್ಟರೆ ಹೇಗೆ?

ಇನ್ನೊಂದು, ಈ ಮಳೆಗೆ 105 ಡಿಗ್ರಿ ಓವನ್‌ನಿಂದ ತೆಗೆದ ಕಲ್ಲು ತೂಗುವಷ್ಟರಲ್ಲೇ ತೇವ ಎಳೆದುಕೊಳ್ಳುತ್ತದೆ. ಡೆಸಿಕೇಟರ್‌ನ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತೇವ ಹೀರುವ ಸಿಲಿಕಾ ಜೆಲ್ ಎರಡೇ ದಿನಕ್ಕೆ ತೇವ ತುಂಬಿ ಗುಲಾಬಿ. ಮಲೆನಾಡಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.