ಪದವಿ ತರಗತಿಗಳಿಗೆ ಗಣಿತ ಕಲಿಸುವುದನ್ನೇ ವೃತ್ತಿಯಾಗಿಸಿಕೊಳ್ಳಬಹುದೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ)
ಸಂಶೋಧನೆಗಿಂತ ಬಿ.ಎಸ್ಸಿ. ಮಕ್ಕಳಿಗೆ ಪಾಠ ಹೇಳುವುದರಲ್ಲೇ ನನಗೆ ಹೆಚ್ಚು ಒಲವು. ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿ ಇಡೀ ವೃತ್ತಿಯನ್ನು ಅದಕ್ಕೇ ಮೀಸಲಿಡಲು ಸಾಧ್ಯವೇ, ಅಥವಾ ಲೇಖನ ಪ್ರಕಟಿಸದವರಿಗೆ ಅಲ್ಲಿ ಬೆಲೆಯಿಲ್ಲವೇ?

ಉತ್ತರ 1 (ಪದವಿ ಕಾಲೇಜು ಅಧ್ಯಾಪಕ, ಕೊಪ್ಪಳ)
ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಆವರಣದಲ್ಲಿ ನಡೆಯುವುದು ಬಹುಪಾಲು ಸ್ನಾತಕೋತ್ತರ ತರಗತಿಗಳು. ಪದವಿ ಪಾಠ ಹೆಚ್ಚಾಗಿ ಸಂಯೋಜಿತ ಕಾಲೇಜುಗಳದ್ದು. ಆದ್ದರಿಂದ ನಿಮ್ಮ ಒಲವಿಗೆ ತಕ್ಕ ಜಾಗ ಪದವಿ ಕಾಲೇಜೇ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಪಡೆದು ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯಮಟ್ಟದ್ದು) ತೇರ್ಗಡೆಯಾದವರಿಗೆ ಪ್ರವೇಶಕ್ಕೆ ಅರ್ಹತೆ ಉಂಟು. ಆದರೆ ಸಹ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಬೇಕೇ ಬೇಕು. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಉತ್ತರ 2 (ನಿವೃತ್ತ ಅಧ್ಯಾಪಕಿ, ರಾಯಚೂರು)
ನಿಯಮಗಳ ಮಾತು ಸರಿ. ಆದರೆ ಪದವಿ ಪಾಠವನ್ನು ಸಂಶೋಧನೆಗಿಂತ ಹಗುರವೆಂದು ಆರಿಸಿಕೊಂಡರೆ ಐದಾರು ವರ್ಷಗಳಲ್ಲೇ ಬೇಸರ ಬಂದೀತು. ಏಕರೂಪ ಅವಿಚ್ಛಿನ್ನತೆಯನ್ನೇ (ಯೂನಿಫಾರ್ಮ್ ಕಂಟಿನ್ಯೂಟಿ) ನೋಡಿ. ಎಕ್ಸ್ ವರ್ಗದ (x²) ಉತ್ಪನ್ನವು (ಫಂಕ್ಷನ್) ವಾಸ್ತವ ರೇಖೆಯ ಪ್ರತಿ ಬಿಂದುವಿನಲ್ಲೂ ಅವಿಚ್ಛಿನ್ನ, ಆದರೆ ಒಟ್ಟಾರೆ ಏಕರೂಪವಾಗಿ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಎಪ್ಸಿಲಾನ್ (ಬೆಲೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಕೊಟ್ಟ ಮೇಲೆ ಡೆಲ್ಟಾವನ್ನು (ಬಿಂದುವಿನಿಂದ ಸರಿಯಬಹುದಾದ ದೂರ) ಬಿಂದುವಿಗೆ ತಕ್ಕಂತೆ ಆರಿಸಬಹುದೇ, ಅಥವಾ ಒಂದೇ ಡೆಲ್ಟಾ ಎಲ್ಲ ಬಿಂದುಗಳಿಗೂ ಸಾಕಾಗಬೇಕೇ ಎಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ. ಬಿಂದು ದೂರ ಸರಿದಂತೆ ವಕ್ರರೇಖೆ ಕಡಿದಾಗುತ್ತ ಹೋಗುವುದರಿಂದ ಡೆಲ್ಟಾ ಕಿರಿದಾಗುತ್ತಲೇ ಹೋಗಬೇಕಾಗುತ್ತದೆ ಎಂಬುದನ್ನು ಅವರೇ ಲೆಕ್ಕ ಮಾಡಿ ಕಂಡುಕೊಳ್ಳುವಂತೆ ಮಾಡಲು ಒಂದಿಡೀ ಅವಧಿ ಬೇಕು. ಪಠ್ಯಕ್ರಮ ಮುಗಿಸುವ ಒತ್ತಡದಲ್ಲಿ ಆ ಅವಧಿಯನ್ನು ಉಳಿಸಿಕೊಳ್ಳುವುದೇ ಈ ವೃತ್ತಿಯ ಕಷ್ಟದ ಭಾಗವೆಂದು ನನ್ನ ಅಭಿಪ್ರಾಯ (ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೂ ಹೆಚ್ಚು ಹೊತ್ತು ಬೇಕಾದೀತು).

ಉತ್ತರ 3 (ಸಂಶೋಧನಾರ್ಥಿ, ಬಳ್ಳಾರಿ)
ಪ್ರೊ. ಎಸ್. ಕುಮರೇಶನ್ ಅವರ ವೃತ್ತಿಯನ್ನು ಗಮನಿಸಿ. ಮುಂಬಯಿ, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿದ್ದ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ (ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ) ಬೇಸಿಗೆ ಶಿಬಿರಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಉಪನ್ಯಾಸ ಸುರಿಯುವ ಬದಲು ಪ್ರಶ್ನೆ ಕೇಳಿ ಉತ್ತರ ಹೊರಡಿಸುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ತರಗತಿಯಿಂದ ವರ್ಷಕ್ಕೊಬ್ಬರಾದರೂ ಅಲ್ಲಿಗೆ ಅರ್ಜಿ ಹಾಕುವಂತೆ ನೋಡಿಕೊಳ್ಳಿ.